ಗೇಣಗಲದ ಗಣಕಯಂತ್ರ

ಹಡಗು, ರೈಲು, ವಿಮಾನ, ವಿದ್ಯುದಾಗಾರದ ಚಕ್ರ ಮುಂತಾದ ಯಂತ್ರಗಳು ಶಕ್ತಿಯಲ್ಲಿ ಬೆಳೆದಂತೆಲ್ಲ ಗಾತ್ರದಲ್ಲಿಯೂ ಬೆಳೆಯುತ್ತ ಬಂದಿವೆ. ಗಣಕಯಂತ್ರವೊಂದು ಮಾತ್ರ ಇದಕ್ಕೆ ತೀರ ವಿರುದ್ಧವಾದ ದಾರಿಯನ್ನು ಹಿಡಿಯಿತು. 1946ರಲ್ಲಿ ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ ಲೋಕದ ಮುಂದೆ ಪ್ರಕಟವಾದ 'ಎನಿಯಾಕ್' ಎಂಬ ಗಣಕದಲ್ಲಿ ಸುಮಾರು 18,000 ನಿರ್ವಾತ ಕೊಳವೆಗಳಿದ್ದುವು. ಅದರ ತೂಕ ಸುಮಾರು 30 ಟನ್ನು. ಅದು ಬಳಸುತ್ತಿದ್ದ ವಿದ್ಯುಚ್ಛಕ್ತಿ ಸುಮಾರು 150 ಕಿಲೋವಾಟ್. ಭಾರತಕ್ಕೆ ಮೊದಲ ಗಣಕ ಬಂದುದು 1955ರಲ್ಲಿ. ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಅದನ್ನು ಇಂಗ್ಲೆಂಡಿನಿಂದ ತರಿಸಿಕೊಂಡಿತು. ಆ ಕಾಲದಲ್ಲಿ ಗಣಕವನ್ನು ಹೊಂದುವುದೆಂದರೆ ದೊಡ್ಡ ಸಂಸ್ಥೆಗಳಿಗೆ ಮಾತ್ರ ಎಟುಕುವ ಮಾತಾಗಿತ್ತು.

ಇಂದು ಅದೇ ಜಾತಿಯ ಯಂತ್ರ, ಎಣಿಕೆಯ ವೇಗದಲ್ಲಿ ಎನಿಯಾಕ್‌ಗಿಂತ ಎಷ್ಟೋ ಪಾಲು ಮಿಗಿಲಾಗಿ, ಗೇಣಗಲದೊಳಗೆ ಅಡಗಿ ಕುಳಿತಿದೆ. ಹನ್ನೆರಡು ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ, ಐದು ಸೆಂಟಿಮೀಟರ್ ಎತ್ತರದ ಪೆಟ್ಟಿಗೆಯೊಂದು ಮನೆಯ ಪತ್ರವ್ಯವಹಾರ, ಲೆಕ್ಕಪತ್ರ, ಮಕ್ಕಳ ಪಾಠ, ಚಲನಚಿತ್ರ ಇವೆಲ್ಲಕ್ಕೂ ಸಾಕಾಗುತ್ತದೆ. ಸಂಜೆಯ ಹೊತ್ತು ಒಂದೆರಡು ಆಟಗಳಿಗೂ ಒದಗುತ್ತದೆ. ಇದನ್ನು ಅಂಗಡಿಯವರು 'ಮಿನಿ ಪಿಸಿ' ಎನ್ನುತ್ತಾರೆ. ನಾವು ಈ ಲೇಖನದಲ್ಲಿ ಇದನ್ನು ಕಿರುಗಣಕವೆಂದು ಕರೆಯೋಣ. ಇಂಥ ಯಂತ್ರವನ್ನು ಕೊಳ್ಳಬೇಕೆಂದಿರುವ ವಾಚಕರು ಯಾವ ಅಂಶಗಳನ್ನು, ಯಾವ ಕ್ರಮದಲ್ಲಿ, ಯಾವ ಕಾರಣದಿಂದ ಗಮನಿಸತಕ್ಕದ್ದು ಎಂಬುದನ್ನು ವಿವರಿಸುವುದೇ ನಮ್ಮ ಉದ್ದೇಶ. ಸಾಧಾರಣ ಸಂಸಾರವೊಂದು ನಾಲ್ಕೈದು ವರ್ಷಗಳಿಗೆ ಒಮ್ಮೆ ಮಾತ್ರ ಇಷ್ಟು ಹಣವನ್ನು ಒಟ್ಟಿಗೆ ಕೂಡಿಸಬಲ್ಲುದು. ಅದು ತಪ್ಪು ಯಂತ್ರಕ್ಕೆ ಹೋದರೆ ಮಗುವಿನ ಓದಿಗೂ ಕುಂದು, ಮನೆಯ ಲೆಕ್ಕಕ್ಕೂ ಕುಂದು.

ಕಿರುಗಣಕದ ಹುಟ್ಟು

ಮನೆಯ ಗಣಕವನ್ನು ಕುಗ್ಗಿಸುವ ಪ್ರಯತ್ನ ಇಪ್ಪತ್ತೊಂದನೆಯ ಶತಮಾನದ ಆದಿಯಲ್ಲಿ ಮೊದಲಾಯಿತು. 2001ರಲ್ಲಿ ತೈವಾನಿನ ವಯಾ ಕಂಪನಿಯು 17 ಸೆಂಟಿಮೀಟರ್ ಚೌಕದ ತಾಯಿಹಲಗೆಯೊಂದನ್ನು ರೂಪಿಸಿತು. 2005ರಲ್ಲಿ ಆಪಲ್ ಕಂಪನಿಯ 'ಮ್ಯಾಕ್ ಮಿನಿ' ಬಂದಿತು. ತೆರೆಯಿಲ್ಲದೆ, ಕೀಲಿಮಣೆಯಿಲ್ಲದೆ, ಬರಿಯ ಪೆಟ್ಟಿಗೆಯನ್ನು ಮಾತ್ರ ಮಾರುವುದು ಆಗ ಜನಕ್ಕೆ ಹೊಸತಾಗಿ ಕಂಡಿತು. ಅನಂತರ 2012–13ರ ವೇಳೆಗೆ ಇಂಟೆಲ್ ಕಂಪನಿ 'ನಕ್' ಎಂಬ ಹೆಸರಿನಿಂದ ಸುಮಾರು 10 ಸೆಂಟಿಮೀಟರ್ ಚೌಕದ ಹಲಗೆಯ ಗಣಕವನ್ನು ತಂದಿತು. ಇಂದು ಪೇಟೆಯಲ್ಲಿ ಕಾಣುವ ಕಿರುಗಣಕಗಳಲ್ಲಿ ಬಹುಪಾಲು ಇದರ ಆಕಾರವನ್ನೇ ಅನುಸರಿಸಿದವು. 2023ರಲ್ಲಿ ಇಂಟೆಲ್ ತಾನೇ ಈ ವ್ಯಾಪಾರದಿಂದ ಹಿಂದೆ ಸರಿಯಿತು. ಆ ಮಾದರಿಯನ್ನು ಮುಂದುವರಿಸುವ ಪರವಾನಗಿಯನ್ನು ಏಸುಸ್ ಕಂಪನಿ ಪಡೆಯಿತು. ಇವಲ್ಲದೆ ಲೆನೊವೊ, ಡೆಲ್, ಎಚ್‌ಪಿ ಕಂಪನಿಗಳು ಕಚೇರಿಗಳಿಗಾಗಿ ತಯಾರಿಸುವ, ಸುಮಾರು ಒಂದು ಲೀಟರ್ ಗಾತ್ರದ ಗಣಕಗಳೂ ಇದೇ ವರ್ಗಕ್ಕೆ ಸೇರಿದುವು.

ಮಡಿಲಗಣಕ, ಅರ್ಥಾತ್ ಲ್ಯಾಪ್‌ಟಾಪ್ ಇರುವಾಗ ಇದೇಕೆ ಬೇಕು ಎಂದು ವಾಚಕರು ಕೇಳಬಹುದು. ಪ್ರಶ್ನೆ ಯುಕ್ತವಾದುದೇ. ಹೊತ್ತು ತಿರುಗುವ ಅಗತ್ಯವಿರುವವರಿಗೆ ಲ್ಯಾಪ್‌ಟಾಪೇ ಸರಿ. ಆದರೆ ಗಣಕವು ಒಂದೆಡೆ ನೆಲಸಿರುವುದಾದರೆ ತೆರೆ, ಕೀಲಿಮಣೆ, ಬ್ಯಾಟರಿಗಳನ್ನು ಯಂತ್ರದೊಡನೆ ಬಿಗಿದು ಕೊಳ್ಳಬೇಕಾದುದಿಲ್ಲ. ಮನೆಯಲ್ಲಿ ಈಗಾಗಲೇ ಟೆಲಿವಿಷನ್ನೋ ಹಳೆಯ ಮಾನಿಟರೋ ಇದ್ದರೆ ಅದೇ ತೆರೆಯಾಗಬಹುದು. ಕೀಲಿಮಣೆ ಕೆಟ್ಟರೆ ಕೀಲಿಮಣೆಯನ್ನಷ್ಟೇ ಬದಲಿಸಿದರಾಯಿತು. ದೊಡ್ಡ ತೆರೆಯ ಮುಂದೆ ಬೆನ್ನು ನೆಟ್ಟಗಿರಿಸಿ ಕೂರುವುದರಿಂದ ಓದುವ ಮಕ್ಕಳ ಕತ್ತಿಗೂ ಹಿತ. ಹೀಗೆ ಕಿರುಗಣಕದ ಗುಣವೆಂದರೆ ಭಾಗಗಳು ಬೇರೆ ಬೇರೆಯಾಗಿರುವುದು. ಅದರ ದೋಷವನ್ನೂ ಇಲ್ಲಿಯೇ ಹೇಳಬೇಕು. ಪೆಟ್ಟಿಗೆಯ ಒಳಗಿನ ಭಾಗಗಳಲ್ಲಿ ಕೆಲವು ಹಲಗೆಗೆ ಬೆಸೆದುಹೋಗಿರುತ್ತವೆ. ಅವನ್ನು ಮುಂದೆಂದೂ ಬದಲಿಸಲಾಗದು.

ಆದುದರಿಂದ ಆಯ್ಕೆಗೆ ಒಂದು ಸೂತ್ರವುಂಟು: ಬದಲಿಸಲಾಗದ ಭಾಗವನ್ನು ಮೊದಲು ಆರಿಸಬೇಕು, ಬದಲಿಸಬಹುದಾದುದನ್ನು ಕಡೆಗೆ ನೋಡಬೇಕು. ಜಾಹೀರಾತುಗಳು ಇದಕ್ಕೆ ವಿಪರ್ಯಾಸವಾಗಿ ಬದಲಿಸಬಹುದಾದ ಸಂಗ್ರಹವನ್ನೂ ಸ್ಮೃತಿಯನ್ನೂ ದಪ್ಪಕ್ಷರಗಳಲ್ಲಿ ಹೇಳಿ, ಬದಲಿಸಲಾಗದ ಪ್ರೊಸೆಸರಿನ ಹೆಸರನ್ನು ಮೂಲೆಯಲ್ಲಿ ಬರೆಯುವುದುಂಟು. ಕೊಳ್ಳುವವರು ಎಚ್ಚರವಾಗಿರಬೇಕು.

ಬಿಸಿಯ ಲೆಕ್ಕ

ಗಣಕವನ್ನು ಕುಗ್ಗಿಸಲು ಅಡ್ಡಿಯಾಗುವುದು ಸ್ಥಳಾಭಾವವಲ್ಲ, ಬಿಸಿ. ಗಣಕಕ್ಕೆ ಹೋಗುವ ವಿದ್ಯುಚ್ಛಕ್ತಿ ಭಾರವನ್ನು ಎತ್ತುವುದಿಲ್ಲ, ಚಕ್ರವನ್ನು ಉರುಳಿಸುವುದಿಲ್ಲ. ಅದು ಕಡೆಗೆ ಹೆಚ್ಚುಕಡಮೆ ಪೂರ್ಣವಾಗಿ ಉಷ್ಣವಾಗಿಯೇ ಪರಿಣಮಿಸುತ್ತದೆ. 60 ವಾಟ್ ಬಳಸುವ ಗಣಕವು ಕೋಣೆಯನ್ನು ಬಿಸಿಮಾಡುವ ಮಟ್ಟಿಗೆ 60 ವಾಟಿನ ಹಳೆಯ ತಂತಿದೀಪಕ್ಕೆ ಸಮಾನ. ಈ ಉಷ್ಣವನ್ನು ಹೊರಗೆ ಸಾಗಿಸದಿದ್ದರೆ ಪ್ರೊಸೆಸರ್ ಸುಟ್ಟುಹೋಗುವ ಅಪಾಯ ಬರುತ್ತದೆ. ಅದನ್ನು ತಪ್ಪಿಸಲು, ಉಷ್ಣತೆ ಸುಮಾರು 95 ಅಥವಾ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದೊಡನೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಮೇಜಿನ ಕೆಳಗಿಡುವ ದೊಡ್ಡ ಪೆಟ್ಟಿಗೆ 40 ಸೆಂಟಿಮೀಟರ್ ಉದ್ದ, 40 ಎತ್ತರ, 20 ಅಗಲವಿದೆಯೆನ್ನೋಣ. ಅದರ ಮೇಲ್ಮೈ 6,400 ಚದರ ಸೆಂಟಿಮೀಟರ್. ನಾವು ಮೇಲೆ ಹೇಳಿದ 12, 12, 5 ಸೆಂಟಿಮೀಟರುಗಳ ಕಿರುಪೆಟ್ಟಿಗೆಯ ಮೇಲ್ಮೈ 528 ಚದರ ಸೆಂಟಿಮೀಟರ್ ಮಾತ್ರ. ಅಂದರೆ ಉಷ್ಣವು ಹೊರಬೀಳುವ ಗೋಡೆಯೇ ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿಯಿತು. ಒಳಗಿನ ಅವಕಾಶವಂತೂ 32 ಲೀಟರಿನಿಂದ ಮುಕ್ಕಾಲು ಲೀಟರಿಗಿಂತ ಕಡಮೆಗೆ ಇಳಿಯಿತು. ದೊಡ್ಡ ಫ್ಯಾನಿಗೆ, ದಪ್ಪನಾದ ಲೋಹದ ರೆಕ್ಕೆಗಳಿಗೆ ಇಲ್ಲಿ ಎಡೆಯಿಲ್ಲ. ಸಣ್ಣ ಫ್ಯಾನು ಅಷ್ಟೇ ಗಾಳಿಯನ್ನು ನೂಕಬೇಕಾದರೆ ಹೆಚ್ಚು ವೇಗದಿಂದ ತಿರುಗಬೇಕು. ವೇಗ ಹೆಚ್ಚಿದರೆ ಸದ್ದೂ ಹೆಚ್ಚುತ್ತದೆ. ಕಿರುಗಣಕಗಳಲ್ಲಿ ಕೆಲವು ಆಟದ ವೇಳೆಯಲ್ಲಿ ಸಿಳ್ಳುಹಾಕಿದಂತೆ ಸದ್ದುಮಾಡುವುದರ ಗುಟ್ಟು ಇದೇ.

ಹೊರಗಿನ ಹವೆಯೂ ಇದರಲ್ಲಿ ಪಾಲುಗೊಳ್ಳುತ್ತದೆ. ಉಷ್ಣವು ಬಿಸಿಯಾದ ವಸ್ತುವಿನಿಂದ ತಂಪಾದ ವಸ್ತುವಿಗೆ ಹರಿಯುವ ವೇಗ ಅವೆರಡರ ಉಷ್ಣತೆಗಳ ಅಂತರವನ್ನು ಅವಲಂಬಿಸಿದೆ. ಪ್ರೊಸೆಸರಿನ ಮಿತಿ 95 ಡಿಗ್ರಿ, ಕೋಣೆಯ ಉಷ್ಣತೆ 25 ಡಿಗ್ರಿಯಾದರೆ ಅಂತರ 70. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರುಗಳ ಕಡೆ ಕೋಣೆಯೇ 40 ಡಿಗ್ರಿಯಾಯಿತೆನ್ನಿ. ಆಗ ಅಂತರ 55ಕ್ಕೆ ಇಳಿಯುತ್ತದೆ. ಫ್ಯಾನೂ ರೆಕ್ಕೆಗಳೂ ಹಿಂದಿನವೇ ಆಗಿದ್ದರೂ ಅವು ಸಾಗಿಸಬಲ್ಲ ಉಷ್ಣ ಸುಮಾರು ಐದರಲ್ಲೊಂದು ಪಾಲು ಕಡಮೆಯಾಯಿತು. ಚಳಿದೇಶದಲ್ಲಿ ಪರೀಕ್ಷಿಸಿ ಹೊಗಳಿದ ಯಂತ್ರ ನಮ್ಮ ಬಯಲುಸೀಮೆಯ ಏಪ್ರಿಲ್ ತಿಂಗಳಲ್ಲಿ ಅದೇ ವೇಗವನ್ನು ಕೊಡುವುದಿಲ್ಲವೆಂಬುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಇದರ ಮೇಲೆ ಧೂಳು ಸೇರಿದರೆ ರೆಕ್ಕೆಗಳ ಸಂದು ಮುಚ್ಚಿಹೋಗುತ್ತದೆ. ಆದುದರಿಂದ ಹಿಂದೆಯೂ ಪಕ್ಕಗಳಲ್ಲಿಯೂ ಗಾಳಿಗಂಡಿ ಧಾರಾಳವಾಗಿರುವ, ತಿರುಪುಗಳನ್ನು ಬಿಚ್ಚಿ ಒಳಗೆ ಸುಲಭವಾಗಿ ಗುಡಿಸಬಹುದಾದ ಪೆಟ್ಟಿಗೆಯನ್ನೇ ಆರಿಸುವುದು ಲೇಸು. ಅದನ್ನು ಮುಚ್ಚಿದ ಬೀರುವಿನಲ್ಲಿಡದೆ ತೆರೆದ ಎಡೆಯಲ್ಲಿಡಬೇಕು.

ಪ್ರೊಸೆಸರಿನ ಆಯ್ಕೆ

ಪ್ರೊಸೆಸರ್ ಗಣಕದ ಮಿದುಳು. ಅದರ ಒಳಗೆ ಸ್ವತಂತ್ರವಾಗಿ ಲೆಕ್ಕಮಾಡಬಲ್ಲ ಹಲವು ಘಟಕಗಳಿರುತ್ತವೆ. ಇವಕ್ಕೆ 'ಕೋರ್' ಎಂದು ಹೆಸರು. ಕೋರುಗಳ ಸಂಖ್ಯೆ ಹೆಚ್ಚಿದಷ್ಟೂ ಯಂತ್ರ ಮೇಲೆಂಬುದು ಅರ್ಧಸತ್ಯ ಮಾತ್ರ. ಪತ್ರ ಬರೆಯುವುದು, ಅಂತರ್ಜಾಲವನ್ನು ನೋಡುವುದು ಮುಂತಾದ ಕೆಲಸಗಳಲ್ಲಿ ಒಂದೆರಡು ಕೋರುಗಳ ಚುರುಕು ಮುಖ್ಯ. ಉಳಿದುವು ಸುಮ್ಮನೆ ಕುಳಿತಿರುತ್ತವೆ.

ವೇಗಕ್ಕೂ ವಿದ್ಯುಚ್ಛಕ್ತಿಗೂ ಇರುವ ಸಂಬಂಧವನ್ನು ಇಲ್ಲಿ ತಿಳಿಯುವುದು ಒಳ್ಳೆಯದು. ಪ್ರೊಸೆಸರಿನ ಟ್ರಾನ್ಸಿಸ್ಟರುಗಳು ತೆರೆದು ಮುಚ್ಚುವುದಕ್ಕೆ ತಗಲುವ ಶಕ್ತಿಯು ಅವುಗಳ ಆವರ್ತನಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಆವರ್ತನವನ್ನು ಹೆಚ್ಚಿಸಬೇಕಾದರೆ ಸಾಮಾನ್ಯವಾಗಿ ವೋಲ್ಟೇಜನ್ನೂ ಹೆಚ್ಚಿಸಬೇಕಾಗುತ್ತದೆ. ಆವರ್ತನವನ್ನು ನೂರಕ್ಕೆ 20ರಷ್ಟೂ ವೋಲ್ಟೇಜನ್ನು ನೂರಕ್ಕೆ 10ರಷ್ಟೂ ಏರಿಸಿದೆವೆನ್ನೋಣ. ಆಗ ತಗಲುವ ಶಕ್ತಿ ನೂರಕ್ಕೆ 45ರಷ್ಟು ಏರುತ್ತದೆ. ಕಡೆಯ ಸ್ವಲ್ಪ ವೇಗಕ್ಕಾಗಿ ತೆರಬೇಕಾದ ಬಿಸಿ ಬಹಳ. ಪೆಟ್ಟಿಗೆಯ ಮೇಲೆ ಅಚ್ಚಾದ 'ಗರಿಷ್ಠ ವೇಗ' ಕೆಲವು ಕ್ಷಣಗಳ ಓಟ. ಗಂಟೆಗಟ್ಟಲೆ ಉಳಿಯುವ ನಡಿಗೆಯ ವೇಗ ಬೇರೆ. ನಮಗೆ ಬೇಕಾದುದು ಎರಡನೆಯದು.

ಇಂದಿನ ಕಿರುಗಣಕಗಳ ಪ್ರೊಸೆಸರುಗಳನ್ನು ಸ್ಥೂಲವಾಗಿ ಮೂರು ಮೆಟ್ಟಿಲುಗಳಾಗಿ ವಿಂಗಡಿಸಬಹುದು. ಕೆಳಗಿನ ಮೆಟ್ಟಿಲಿನಲ್ಲಿ ಇಂಟೆಲ್ ಕಂಪನಿಯು 2023ರಲ್ಲಿ ತಂದ 'ಎನ್ 100' ಮತ್ತು ಅದರ ಬಳಗ. ಇದರಲ್ಲಿ ನಾಲ್ಕು ಕೋರುಗಳಿವೆ. ಉಷ್ಣವಿನ್ಯಾಸದ ಅಳತೆ 6 ವಾಟ್ ಮಾತ್ರ. ತಯಾರಕರಲ್ಲಿ ಅನೇಕರು ಇದಕ್ಕಿಂತ ಹೆಚ್ಚಿನ ಶಕ್ತಿಯನ್ನೇ ಅದಕ್ಕೆ ಕೊಡುತ್ತಾರಾದರೂ ಒಟ್ಟಿನಲ್ಲಿ ಇದು ಮಿತವ್ಯಯಿ. ಪತ್ರ, ಪಾಠ, ಲೆಕ್ಕ, ಚಲನಚಿತ್ರಗಳಿಗೆ ಇದು ನಿರಾತಂಕವಾಗಿ ಸಾಕು. ನಡುವಿನ ಮೆಟ್ಟಿಲಿನಲ್ಲಿ ಎಎಂಡಿ ಕಂಪನಿಯ ರೈಜನ್ 5000 ವರ್ಗದ 'ಯು' ಅಕ್ಷರದ ಪ್ರೊಸೆಸರುಗಳು ಬರುತ್ತವೆ. ಆರೋ ಎಂಟೋ ಕೋರುಗಳಿರುವ ಇವು ಮನೆಗೆಲಸಕ್ಕೂ ಹಗುರವಾದ ಆಟಗಳಿಗೂ ಹೊಂದುತ್ತವೆ. ಮೇಲಿನ ಮೆಟ್ಟಿಲಿನಲ್ಲಿ ಎಎಂಡಿಯ ರೈಜನ್ 7 '7840 ಎಚ್‌ಎಸ್' ಮತ್ತು ಅದರ ಅನಂತರದವು, ಹಾಗೂ 2023ರ ಡಿಸೆಂಬರಿನಿಂದ ಬಂದ ಇಂಟೆಲ್ 'ಕೋರ್ ಅಲ್ಟ್ರಾ' ವರ್ಗದವು. ಇವುಗಳಲ್ಲಿ 7840 ಎಚ್‌ಎಸ್‌ನ ಉಷ್ಣವಿನ್ಯಾಸದ ಅಳತೆ 35ರಿಂದ 54 ವಾಟ್.

ಹೆಸರಿನ ಸಂಖ್ಯೆ ದೊಡ್ಡದಾದರೆ ಯಂತ್ರ ಹೊಸತೆಂದು ನಂಬುವುದು ಅಪಾಯಕರ. ರೈಜನ್ 7 '5700 ಯು' ಮತ್ತು '5800 ಯು' ಅಣ್ಣತಮ್ಮಂದಿರಂತೆ ಕಂಡರೂ ಮೊದಲನೆಯದು 'ಜೆನ್ 2' ಎಂಬ ಹಿಂದಿನ ರಚನೆಯದು, ಎರಡನೆಯದು 'ಜೆನ್ 3' ರಚನೆಯದು. ಎಎಂಡಿಯ 7000 ವರ್ಗದ ಲ್ಯಾಪ್‌ಟಾಪ್ ಪ್ರೊಸೆಸರುಗಳಲ್ಲಿ ಮೂರನೆಯ ಅಂಕಿಯೇ ರಚನೆಯನ್ನು ಸೂಚಿಸುತ್ತದೆ: 7520ರಲ್ಲಿ ಇರುವುದು ಜೆನ್ 2, 7530ರಲ್ಲಿ ಜೆನ್ 3, 7840ರಲ್ಲಿ ಜೆನ್ 4. ಕೊಳ್ಳುವ ಮುನ್ನ ಹೆಸರನ್ನು ಕಡೆಯ ಅಂಕಿ, ಕಡೆಯ ಅಕ್ಷರದವರೆಗೂ ಓದಬೇಕೆಂದು ನಾವು ಒತ್ತಿ ಹೇಳುವುದು ಇದಕ್ಕಾಗಿ.

ಆಟ ಮತ್ತು ತೆರೆಯ ಬಿಂದುಗಳು

ಇನ್ನು ಆಟಗಳ ಮಾತು. ಆಟವೆಂದರೆ ಕಾಲಹರಣವೆಂದು ಹಿರಿಯರು ಹುಬ್ಬುಗಂಟಿಕ್ಕಬಹುದು. ಆದರೆ ಗಣಕದ ಶಕ್ತಿಯನ್ನು ಒರೆಗೆ ಹಚ್ಚುವ ಮನೆಗೆಲಸಗಳಲ್ಲಿ ಆಟಕ್ಕಿಂತ ಕಠಿನವಾದುದು ಅಪರೂಪ. ತೆರೆಯ ಮೇಲಿನ ಚಿತ್ರವೆಲ್ಲ ಅತಿಸಣ್ಣ ಬಿಂದುಗಳಿಂದಾದುದು. ಇಂದು ಸಾಮಾನ್ಯವಾಗಿರುವ ತೆರೆಯಲ್ಲಿ ಅಡ್ಡಕ್ಕೆ 1,920, ಉದ್ದಕ್ಕೆ 1,080, ಒಟ್ಟು 20,73,600 ಬಿಂದುಗಳಿವೆ. ಚಲನೆ ನುಣುಪಾಗಿ ಕಾಣಬೇಕಾದರೆ ಸೆಕೆಂಡಿಗೆ 60 ಚಿತ್ರಗಳನ್ನು ಬರೆಯಬೇಕು. ಒಂದೊಂದು ಚಿತ್ರಕ್ಕೂ ದೊರೆಯುವ ಕಾಲ ಸೆಕೆಂಡಿನ ಸಾವಿರದಲ್ಲಿ ಸುಮಾರು 17 ಪಾಲು. ಗುಣಿಸಿದರೆ ಸೆಕೆಂಡಿಗೆ 12 ಕೋಟಿ 44 ಲಕ್ಷ ಬಿಂದುಗಳ ಬಣ್ಣವನ್ನು ನಿರ್ಣಯಿಸಬೇಕಾಯಿತು. ಪ್ರತಿ ಬಿಂದುವಿಗೂ ಬೆಳಕು ಎಲ್ಲಿಂದ ಬಿತ್ತು, ಮುಂದಿರುವ ವಸ್ತು ಯಾವುದು ಎಂಬ ಲೆಕ್ಕ ಬೇರೆ. ಪ್ರೊಸೆಸರಿನ ಪಕ್ಕದಲ್ಲಿರುವ ಗ್ರಾಫಿಕ್ಸ್ ಘಟಕವು ಈ ಹೊರೆಯನ್ನು ಹೊರುತ್ತದೆ.

ದೊಡ್ಡ ಗಣಕಗಳಲ್ಲಿ ಇದಕ್ಕಾಗಿ ಪ್ರತ್ಯೇಕವಾದ ಗ್ರಾಫಿಕ್ಸ್ ಕಾರ್ಡ್ ಇರುತ್ತದೆ. ಅದಕ್ಕೆ ತನ್ನದೇ ಆದ ಸ್ಮೃತಿಯೂ ಇರುತ್ತದೆ. ಕಿರುಗಣಕದಲ್ಲಿ ಪ್ರೊಸೆಸರೂ ಗ್ರಾಫಿಕ್ಸ್ ಘಟಕವೂ ಸಾಮಾನ್ಯವಾಗಿ ಒಂದೇ ಸಿಲಿಕಾನ್ ಚೂರಿನಲ್ಲಿದ್ದು ಒಂದೇ ಸ್ಮೃತಿಯನ್ನು ಹಂಚಿಕೊಳ್ಳುತ್ತವೆ. ಎರಡು ಸಂಸಾರಗಳು ಒಂದೇ ಬಾವಿಯಿಂದ ನೀರು ಸೇದುವಂತೆ ಇದು. ಬಾವಿಗೆ ಒಂದೇ ರಾಟೆಯಿದ್ದರೆ ಒಬ್ಬರು ಸೇದುವಾಗ ಇನ್ನೊಬ್ಬರು ಕೊಡವನ್ನು ಹಿಡಿದು ನಿಲ್ಲಬೇಕು. ಎರಡು ರಾಟೆಗಳಿದ್ದರೆ ಕಾಯುವ ಕಷ್ಟ ಅರ್ಧಕ್ಕೆ ಇಳಿಯುತ್ತದೆ. ಸ್ಮೃತಿಯ ಪಟ್ಟಿಗಳ ವಿಷಯವೂ ಹೀಗೆಯೇ. ಡಿಡಿಆರ್4 ಜಾತಿಯ, 3200 ವೇಗದ ಪಟ್ಟಿಯೊಂದು ಸೆಕೆಂಡಿಗೆ ಹೆಚ್ಚೆಂದರೆ 25.6 ಗಿಗಾಬೈಟ್ ಮಾಹಿತಿಯನ್ನು ಒದಗಿಸಬಲ್ಲುದು. ಎರಡು ಪಟ್ಟಿಗಳನ್ನು ಜೋಡಿಸಿದರೆ 51.2. ಡಿಡಿಆರ್5 ಜಾತಿಯ, 5600 ವೇಗದ ಪಟ್ಟಿಗಳೆರಡು ಸೇರಿದರೆ 89.6. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿನ ಸಾಮರ್ಥ್ಯದೊಡನೆ ಹೋಲಿಸಿದರೆ ಅಂತರ ಗೊತ್ತಾಗುತ್ತದೆ: 2021ರಲ್ಲಿ ಬಂದ 'ಆರ್‌ಟಿಎಕ್ಸ್ 3060' ಕಾರ್ಡಿನ ಸ್ಮೃತಿ ಸೆಕೆಂಡಿಗೆ 360 ಗಿಗಾಬೈಟ್ ಒದಗಿಸುತ್ತದೆ.

ಇದರಿಂದ ಎರಡು ತತ್ತ್ವಗಳು ಹೊರಡುತ್ತವೆ. ಮೊದಲನೆಯದು, ಆಟದ ಉದ್ದೇಶವಿರುವವರು 16 ಗಿಗಾಬೈಟಿನ ಒಂದು ಪಟ್ಟಿಯ ಬದಲು 8 ಗಿಗಾಬೈಟಿನ ಎರಡು ಪಟ್ಟಿಗಳನ್ನು ಹಾಕಿಸಬೇಕು. ಮೊತ್ತ ಒಂದೇ ಆದರೂ ಆಟದ ವೇಗದಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಎನ್ 100 ಪ್ರೊಸೆಸರಿಗೆ ಸ್ಮೃತಿಯ ದಾರಿ ಒಂದೇ ಆದುದರಿಂದ ಅಲ್ಲಿ ಈ ಉಪಾಯ ಸಾಗದು. ಎರಡನೆಯದು, ಕಿರುಗಣಕದಲ್ಲಿ ಆಟವಾಡುವವರು ಬಿಂದುಗಳ ಸಂಖ್ಯೆಯನ್ನು ತಗ್ಗಿಸಲು ಹಿಂಜರಿಯಬಾರದು. 1,280 ಮತ್ತು 720 ಬಿಂದುಗಳ ಚಿತ್ರದಲ್ಲಿ ಬರೆಯಬೇಕಾದ ಬಿಂದುಗಳು ಒಂಬತ್ತರಲ್ಲಿ ನಾಲ್ಕು ಪಾಲು ಮಾತ್ರ. ಹೊರೆ ಅರ್ಧಕ್ಕಿಂತಲೂ ಕೆಳಗಿಳಿಯಿತು. ಚಿಕ್ಕ ಚಿತ್ರವನ್ನು ಬರೆದು ಜಾಣತನದಿಂದ ಹಿಗ್ಗಿಸುವ ತಂತ್ರಗಳೂ ಈಗ ಬಳಕೆಯಲ್ಲಿವೆ. ಎಎಂಡಿ ಕಂಪನಿ 2021ರಲ್ಲಿ ತಂದ 'ಎಫ್‌ಎಸ್‌ಆರ್' ಅಂಥದೊಂದು. ಇದಕ್ಕೆ ವ್ಯತಿರಿಕ್ತವಾಗಿ '4ಕೆ' ಎಂದು ಬರೆದಿರುವ ತೆರೆಯಲ್ಲಿ ಸುಮಾರು 83 ಲಕ್ಷ ಬಿಂದುಗಳಿವೆ. ಕಿರುಗಣಕ ಆ ತೆರೆಗೆ ಚಲನಚಿತ್ರವನ್ನು ಕಳುಹಿಸಬಲ್ಲುದು. ಆಟವನ್ನು ಆ ಪ್ರಮಾಣದಲ್ಲಿ ನಡೆಸಲಾರದು.

ಯಾವ ಆಟ ಯಾವ ಮೆಟ್ಟಿಲಿನಲ್ಲಿ ನಡೆದೀತು? ಚದುರಂಗ, 'ಸ್ಟಾರ್‌ಡ್ಯೂ ವ್ಯಾಲಿ'ಯಂಥ ಚಪ್ಪಟೆ ಚಿತ್ರದ ಆಟಗಳು, ಹಳೆಯ ಕಾಲದ ಆಟಗಳು ಎನ್ 100ರಲ್ಲಿಯೇ ನಡೆಯುತ್ತವೆ. 2013ರಲ್ಲಿ ಹುಟ್ಟಿ 2015ರಲ್ಲಿ ಗಣಕಕ್ಕೆ ಬಂದ 'ಜಿಟಿಎ 5'ರಂಥ ಆಟಗಳಿಗೆ ಮೇಲಿನ ಮೆಟ್ಟಿಲಿನ ಪ್ರೊಸೆಸರ್ ಬೇಕು. ಎಎಂಡಿಯ 'ರೇಡಿಯಾನ್ 780 ಎಂ' ಎಂಬ ಅಂತರ್ಗತ ಗ್ರಾಫಿಕ್ಸ್ ಘಟಕವುಳ್ಳ ಕಿರುಗಣಕ ಇದನ್ನು ಚೆನ್ನಾಗಿಯೇ ನಡೆಸುತ್ತದೆ. 'ಸೈಬರ್‌ಪಂಕ್ 2077'ರಂಥ ಭಾರವಾದ ಆಟವನ್ನು ಇದರಲ್ಲಿ ವಿವರಗಳನ್ನು ಬಹಳ ತಗ್ಗಿಸಿ ಆಡಬಹುದಾದರೂ ಅಂಥ ಆಟಗಳೇ ಮುಖ್ಯವೆನ್ನುವವರು ಕಿರುಗಣಕದ ಆಸೆಯನ್ನು ಬಿಟ್ಟು, ಪ್ರತ್ಯೇಕ ಕಾರ್ಡನ್ನು ಹಾಕಬಹುದಾದ ದೊಡ್ಡ ಪೆಟ್ಟಿಗೆಯನ್ನು ಕೊಳ್ಳುವುದೇ ವಿವೇಕ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿ ಗ್ರಾಫಿಕ್ಸ್ ಘಟಕಕ್ಕೂ ಸಲ್ಲುತ್ತದೆ.

ಸ್ಮೃತಿ ಮತ್ತು ಸಂಗ್ರಹ

ಸ್ಮೃತಿಯನ್ನೂ ಸಂಗ್ರಹವನ್ನೂ ಒಂದೇ ಎಂದು ಭಾವಿಸುವವರುಂಟು. ಮನೆಯ ಉಗ್ರಾಣಕ್ಕೂ ಒಲೆಯ ಪಕ್ಕದ ಮಣೆಗೂ ಇರುವ ಭೇದವೇ ಇವೆರಡಕ್ಕೂ ಇರುವ ಭೇದ. ಉಗ್ರಾಣದಲ್ಲಿ ವರ್ಷದ ದಿನಸಿ ಕುಳಿತಿರುತ್ತದೆ. ಮಣೆಯ ಮೇಲೆ ಆ ಹೊತ್ತಿನ ಅಡಿಗೆಗೆ ಬೇಕಾದುದು ಮಾತ್ರ. ಮಣೆ ಚಿಕ್ಕದಾದರೆ ಅಡಿಗೆಯವರು ಪದೇ ಪದೇ ಉಗ್ರಾಣಕ್ಕೆ ಓಡಬೇಕಾಗುತ್ತದೆ. 8 ಗಿಗಾಬೈಟ್ ಸ್ಮೃತಿಯಿರುವ ಗಣಕ ಇಂದಿನ ಅಂತರ್ಜಾಲದ ಪುಟಗಳು ಹತ್ತಾರು ತೆರೆದೊಡನೆ ಹೀಗೆಯೇ ಓಡಾಡತೊಡಗುತ್ತದೆ. ಆಟದ ವೇಳೆ ಗ್ರಾಫಿಕ್ಸ್ ಘಟಕವೂ ಇದರಲ್ಲಿಯೇ ತನ್ನ ಪಾಲನ್ನು ಕೇಳುತ್ತದೆ. ಆದುದರಿಂದ ದಿನಬಳಕೆಗೂ ಹಗುರ ಆಟಕ್ಕೂ 16 ಗಿಗಾಬೈಟ್ ಯೋಗ್ಯವಾದ ಅಳತೆ.

ಇಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ: ಸ್ಮೃತಿಯನ್ನು ಗೂಡಿಗೆ ಸಿಕ್ಕಿಸಿದ್ದಾರೆಯೋ, ಹಲಗೆಗೆ ಬೆಸೆದಿದ್ದಾರೆಯೋ? ಗೂಡುಗಳಿದ್ದರೆ ಇಂದು ಕಡಮೆಯಿಂದ ಆರಂಭಿಸಿ ಮುಂದೆ ಹೆಚ್ಚಿಸಬಹುದು. ಬೆಸೆದಿದ್ದರೆ ಕೊಳ್ಳುವ ದಿನವೇ ಬೇಕಾದಷ್ಟನ್ನೂ ಕೊಳ್ಳಬೇಕು. 2024ರಲ್ಲಿ ಬಂದ ಮ್ಯಾಕ್ ಮಿನಿ 12.7 ಸೆಂಟಿಮೀಟರ್ ಚೌಕದೊಳಗೆ ಅದ್ಭುತವಾದ ಶಕ್ತಿಯನ್ನು ಅಡಗಿಸಿದೆ, ಸದ್ದೂ ಕಡಮೆ. ಆದರೆ ಅದರ ಸ್ಮೃತಿಯನ್ನು ಮುಂದೆ ಹೆಚ್ಚಿಸುವಂತಿಲ್ಲ. ವಿಂಡೋಸ್ ವ್ಯವಸ್ಥೆಗಾಗಿ ಬರೆದ ಆಟಗಳಲ್ಲಿ ಬಹಳಷ್ಟು ಅದಕ್ಕೆ ದೊರೆಯುವುದೂ ಇಲ್ಲ. ಬರವಣಿಗೆ, ಸಂಗೀತ, ಚಿತ್ರಸಂಕಲನಗಳಲ್ಲಿ ತೊಡಗಿದವರಿಗೆ ಅದು ಮೆಚ್ಚುಗೆಯಾದೀತು. ಆಟವನ್ನು ಬಯಸುವವರು ತಮ್ಮ ಮೆಚ್ಚಿನ ಆಟ ಅದಕ್ಕೆ ಉಂಟೆ ಎಂದು ಮೊದಲು ವಿಚಾರಿಸಬೇಕು.

ಸಂಗ್ರಹದ ವಿಷಯದಲ್ಲಿ ತಿರುಗುವ ತಟ್ಟೆಯ ಹಾರ್ಡ್ ಡಿಸ್ಕನ್ನು ಮುಖ್ಯ ಸಂಗ್ರಹವಾಗಿ ಬಳಸುವ ಕಾಲ ಮುಗಿಯಿತು. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತಿಗೆ ಸೆಕೆಂಡಿನ ಸಾವಿರದಲ್ಲಿ ಎಂಟು ಪಾಲಿಗಿಂತ ಹೆಚ್ಚು ಹಿಡಿಯುತ್ತದೆ. ಬೇಕಾದ ಮಾಹಿತಿ ಸೂಜಿಯ ಕೆಳಗೆ ಬರುವವರೆಗೂ ಗಣಕವೆಲ್ಲ ಕಾಯಬೇಕು. ಎಸ್‌ಎಸ್‌ಡಿ ಎಂಬ ಘನಸಂಗ್ರಹದಲ್ಲಿ ತಿರುಗುವ ಭಾಗವೇ ಇಲ್ಲ. ಹಳೆಯ 'ಸಾಟಾ' ಜಾತಿಯದು ಸೆಕೆಂಡಿಗೆ ಸುಮಾರು 550 ಮೆಗಾಬೈಟ್ ಓದಿದರೆ 'ಎನ್‌ವಿಎಂಇ' ಜಾತಿಯವು 3,500 ಮೆಗಾಬೈಟನ್ನೂ ಮೀರುತ್ತವೆ. ದಿನಬಳಕೆಯಲ್ಲಿ ಈ ಎರಡರ ನಡುವಣ ಅಂತರ ಅಷ್ಟಾಗಿ ತಿಳಿಯದು. ಹಾರ್ಡ್ ಡಿಸ್ಕಿನಿಂದ ಯಾವುದಾದರೊಂದು ಎಸ್‌ಎಸ್‌ಡಿಗೆ ಬಂದಾಗ ಮಾತ್ರ ಅಂತರ ಬೆರಗುಗೊಳಿಸುತ್ತದೆ. ತೀರ ಅಗ್ಗದ ಪೆಟ್ಟಿಗೆಗಳಲ್ಲಿ 'ಇಎಂಎಂಸಿ' ಎಂಬ ನಿಧಾನವಾದ ಸಂಗ್ರಹವನ್ನು ಹಲಗೆಗೇ ಬೆಸೆದಿರುವುದುಂಟು. ಅದನ್ನು ವರ್ಜಿಸುವುದು ಒಳ್ಳೆಯದು.

ವಿದ್ಯುತ್ತಿನ ವಿಚಾರ

ಕಿರುಗಣಕದಲ್ಲಿ ಬ್ಯಾಟರಿಯಿಲ್ಲ. ವಿದ್ಯುತ್ತು ನಿಂತೊಡನೆ ಅದೂ ನಿಲ್ಲುತ್ತದೆ; ಬರೆಯುತ್ತಿದ್ದ ಲೇಖನವೂ ಹೋಗುತ್ತದೆ. ಲ್ಯಾಪ್‌ಟಾಪಿಗೆ ಇಲ್ಲದ ಈ ಕೊರತೆಯನ್ನು ಸಣ್ಣದೊಂದು ಯು.ಪಿ.ಎಸ್. ತುಂಬಿಕೊಡುತ್ತದೆ. ಪದೇ ಪದೇ ವಿದ್ಯುತ್ತು ಹೋಗುವ ಊರುಗಳಲ್ಲಿ ಇದರ ಬೆಲೆಯನ್ನು ಗಣಕದ ಬೆಲೆಯೊಡನೆಯೇ ಕೂಡಿಸಿ ಲೆಕ್ಕಹಾಕಬೇಕು. ಹೊರಗಿನ ಅಡಾಪ್ಟರಿನ ಮೇಲೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಗುರುತು ಇದೆಯೇ ಎಂದು ನೋಡಿಕೊಳ್ಳುವುದೂ ಅವಶ್ಯಕ.

ಖರ್ಚಿನಲ್ಲಿ ಲಾಭವೂ ಉಂಟು. ಕಿರುಗಣಕವು ಸರಾಸರಿ 12 ವಾಟ್ ಬಳಸುತ್ತ ದಿನಕ್ಕೆ ಎಂಟು ಗಂಟೆ ನಡೆದರೆ ತಿಂಗಳಿಗೆ ಮೂರು ಯೂನಿಟ್ಟಿಗಿಂತ ಕಡಮೆ ಸಾಕು. ಸರಾಸರಿ 80 ವಾಟ್ ಬಳಸುವ ದೊಡ್ಡ ಗಣಕಕ್ಕೆ ಅದೇ ಅವಧಿಯಲ್ಲಿ 19 ಯೂನಿಟ್ ಬೇಕು. ವರ್ಷದ ಕೊನೆಗೆ ಉಳಿತಾಯ ಸುಮಾರು 195 ಯೂನಿಟ್.

ಬಳಸಿದ ಗಣಕಗಳು

ಕಚೇರಿಗಳು ಮೂರು ನಾಲ್ಕು ವರ್ಷ ಬಳಸಿ ಬಿಟ್ಟ ಒಂದು ಲೀಟರ್ ಗಾತ್ರದ ಗಣಕಗಳು ಶುಚಿಗೊಂಡು ಮತ್ತೆ ಮಾರಾಟಕ್ಕೆ ಬರುತ್ತವೆ. ಇವುಗಳ ಕಟ್ಟೋಣ ಗಟ್ಟಿ, ಬಿಚ್ಚಿ ಸೇರಿಸುವುದು ಸುಲಭ. ಹಣ ಕಡಮೆಯಿರುವ ವಿದ್ಯಾರ್ಥಿಗೆ ಇವು ಹಿತವಾದ ದಾರಿ. ಆದರೆ ಒಂದು ಎಲ್ಲೆಯನ್ನು ಮರೆಯಬಾರದು. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಇಂಟೆಲ್ ಪ್ರೊಸೆಸರುಗಳಲ್ಲಿ ಎಂಟನೆಯ ಪೀಳಿಗೆ ಅಥವಾ ಅನಂತರದ್ದೇ ಬೇಕು. ಅದಕ್ಕಿಂತ ಹಳೆಯ ಯಂತ್ರವನ್ನು ಕೊಳ್ಳುವುದಾದರೆ ಲಿನಕ್ಸ್ ಬಳಸುವ ಮನಸ್ಸಿರಬೇಕು. ಲಿನಕ್ಸಿನಲ್ಲಿ ಬರವಣಿಗೆಗೂ ಪಾಠಕ್ಕೂ ಕೊರತೆಯಿಲ್ಲ. ಆಟಗಳಲ್ಲಿ ಮಾತ್ರ, ಮೋಸವನ್ನು ತಡೆಯಲು ಕಾವಲು ತಂತ್ರಾಂಶವನ್ನಿಟ್ಟಿರುವ 'ವ್ಯಾಲರಂಟ್'ನಂಥವು ಅಲ್ಲಿ ನಡೆಯುವುದಿಲ್ಲ.

ಕನ್ನಡದಲ್ಲಿ ಬರೆಯಬೇಕೆನ್ನುವವರಿಗೆ ಈ ಯಾವ ಮೆಟ್ಟಿಲೂ ಅಡ್ಡಿಯಲ್ಲವೆಂಬುದು ಸಂತೋಷದ ಸಂಗತಿ. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲಿಯೇ ಕನ್ನಡ ಲಿಪಿ ಸ್ಥಾನ ಪಡೆದಿತ್ತು. ಇಂದು ಅತಿ ಅಗ್ಗದ ಕಿರುಗಣಕವೂ ಕನ್ನಡವನ್ನು ಶುದ್ಧವಾಗಿ ತೋರಿಸುತ್ತದೆ, ಬರೆಯಿಸಿಕೊಳ್ಳುತ್ತದೆ.

ಹೊಸತಾಗಲಿ ಹಳೆಯದಾಗಲಿ, ಹೆಸರು ಕೇಳದ ಅಂಗಡಿಯಿಂದ ಬಂದ ಗಣಕದಲ್ಲಿ ಮೊದಲೇ ತುಂಬಿಸಿರುವ ವ್ಯವಸ್ಥೆಯನ್ನು ಕುರುಡಾಗಿ ನಂಬಬಾರದು. 2024ರಲ್ಲಿ ಹೊಸ ಕಿರುಗಣಕಗಳ ಕೆಲವದರಲ್ಲಿ ಗುಟ್ಟು ಕದಿಯುವ ತಂತ್ರಾಂಶ ಮೊದಲೇ ಸೇರಿಕೊಂಡಿದ್ದುದು ಬೆಳಕಿಗೆ ಬಂದಿತು. ಬ್ಯಾಂಕಿನ ವ್ಯವಹಾರವನ್ನು ಅದರಲ್ಲಿ ನಡೆಸುವ ಮೊದಲು ಸಂಗ್ರಹವನ್ನು ಪೂರ್ತಿ ಅಳಿಸಿ, ತಯಾರಕರ ಅಧಿಕೃತ ಮೂಲದಿಂದ ವ್ಯವಸ್ಥೆಯನ್ನು ಹೊಸದಾಗಿ ತುಂಬಿಸುವುದು ಅರ್ಧ ದಿನದ ಕೆಲಸ. ಅದರಿಂದ ದೊರೆಯುವ ನೆಮ್ಮದಿ ವರ್ಷಗಳದು.

ನಿರ್ಣಯ

ಮೇಲಿನ ವಿವೇಚನೆಯ ಸಾರವನ್ನು ಹೀಗೆ ಹೇಳಬಹುದು. ಓದು, ಬರಹ, ಲೆಕ್ಕ, ಚಲನಚಿತ್ರಗಳಷ್ಟೇ ಸಾಕೆನ್ನುವ ಮನೆಗೆ ಎನ್ 100 ವರ್ಗದ ಪ್ರೊಸೆಸರ್, 16 ಗಿಗಾಬೈಟ್ ಸ್ಮೃತಿ, ಬದಲಿಸಬಹುದಾದ ಎಸ್‌ಎಸ್‌ಡಿ ಇರುವ ಪೆಟ್ಟಿಗೆ ಸಾಕು. ಅಥವಾ ಎಂಟನೆಯ ಪೀಳಿಗೆಯ ಮೇಲಿನ ಬಳಸಿದ ಕಚೇರಿ ಗಣಕವಾದರೂ ಆದೀತು. ಕೆಲಸದೊಡನೆ ಹಗುರವಾದ ಆಟವೂ ಬೇಕೆನ್ನುವವರು ನಡುವಿನ ಮೆಟ್ಟಿಲಿನ ಪ್ರೊಸೆಸರನ್ನು, ಎರಡು ಗೂಡುಗಳಲ್ಲಿ ಎರಡು ಸ್ಮೃತಿಪಟ್ಟಿಗಳನ್ನು ಆರಿಸಬೇಕು. ಈ ಹತ್ತು ವರ್ಷಗಳ ಆಟಗಳಲ್ಲಿ ಸಾಕಷ್ಟನ್ನು ಆಡಬೇಕೆನ್ನುವವರು 780 ಎಂ ಅಥವಾ ಅದಕ್ಕೆ ಸಮನಾದ ಗ್ರಾಫಿಕ್ಸ್ ಘಟಕವನ್ನು, ಡಿಡಿಆರ್5 ಸ್ಮೃತಿಯನ್ನು, ಗಾಳಿ ಚೆನ್ನಾಗಿ ಆಡುವ ಪೆಟ್ಟಿಗೆಯನ್ನು ನೋಡಬೇಕು. ಅದಕ್ಕೂ ಮೇಲಿನ ಆಸೆಯಿದ್ದವರಿಗೆ ಕಿರುಗಣಕವಲ್ಲ, ದೊಡ್ಡ ಗಣಕ.

ಅಂಗಡಿಯ ಮೆಟ್ಟಿಲನ್ನು ಹತ್ತುವ ಮುನ್ನ ಮನೆಯವರೆಲ್ಲ ಕುಳಿತು, ಒಂದು ಹಾಳೆಯ ಮೇಲೆ ಯಾರಿಗೆ ಯಾವ ಕೆಲಸವೆಂದು ಬರೆದುಕೊಳ್ಳುವುದು ಎಲ್ಲಕ್ಕಿಂತ ಮುಖ್ಯ. ಆ ಪಟ್ಟಿಯಲ್ಲಿ ಪ್ರತಿದಿನದ ಕೆಲಸ ಯಾವುದು, ತಿಂಗಳಿಗೊಮ್ಮೆ ಬರುವ ಆಸೆ ಯಾವುದು ಎಂಬುದು ತಾನಾಗಿ ಗೊತ್ತಾಗುತ್ತದೆ. ಯಂತ್ರವನ್ನು ಪ್ರತಿದಿನದ ಕೆಲಸಕ್ಕೆ ಅಳೆದು ಕೊಂಡವರು ಪಶ್ಚಾತ್ತಾಪ ಪಡುವುದು ಅಪರೂಪ. ಮೂವತ್ತು ಟನ್ನಿನಿಂದ ಗೇಣಗಲಕ್ಕೆ ಇಳಿದುಬಂದ ವಿಜ್ಞಾನದ ಫಲ ಮನೆಗೆ ಸಾರ್ಥಕವಾಗಿ ಸೇರುವುದು ಹಾಗೆ ಬಂದಾಗಲೇ.